ನಿದ್ದೆಗೆ ಸಿಕ್ಕ ಅನುದಾನ

ಎಲ್ಲಿ ಬೇಕಾದರೂ ನಿದ್ದೆ ಮಾಡುವುದು ನನಗೆ ಬರುತ್ತದೆ. ಅದೇನು ಮಹಾ ವಿದ್ಯೆ ಎಂದು ನೀವು ಕೇಳಬಹುದು. ಹಾಸಿಗೆ ಅಂಗಡಿಯಲ್ಲಿ ತಲೆ ನರೆಯುವವರೆಗೆ ಕೆಲಸ ಮಾಡಿದವನಾದ್ದರಿಂದ ಸ್ವಲ್ಪ ಅಧಿಕಾರದಿಂದಲೇ ಹೇಳುತ್ತೇನೆ, ತಪ್ಪಿದ್ದರೆ ಕ್ಷಮಿಸಿ: ಹೆಚ್ಚಿನವರಿಗೆ ಅದು ಬರುವುದಿಲ್ಲ. ಅಂಗಡಿಗೆ ಬಂದವರು ಹಾಸಿಗೆಯನ್ನು ಮುಷ್ಟಿಯಿಂದ ಒತ್ತುತ್ತಾರೆ, ಅಂಚಿನಲ್ಲಿ ಕೂರುತ್ತಾರೆ, ಚಪ್ಪಲಿ ಬಿಡದೆ ಅರ್ಧ ಒರಗುತ್ತಾರೆ. ಪೂರ್ತಿ ಮಲಗಲು ನಾಚಿಕೆ. ಆಗ ನಾನೇ ಮಲಗಿ ತೋರಿಸಬೇಕಾಗುತ್ತಿತ್ತು. "ಹೀಗೆ ನೋಡಿ ಸಾರ್, ಬೆನ್ನನ್ನ ಪೂರ್ತಿ ಬಿಟ್ಟುಕೊಡಬೇಕು" ಎನ್ನುತ್ತ ಒರಗುತ್ತಿದ್ದೆ. ಆ ವಾಕ್ಯವನ್ನು ನಾನು ಎಂದಾದರೂ ಮುಗಿಸಿದ್ದೇನೆಯೇ ಎಂಬುದು ನನಗೆ ಈವರೆಗೂ ತಿಳಿದಿಲ್ಲ. ಕಣ್ಣು ಬಿಡುವ ಹೊತ್ತಿಗೆ ಗಿರಾಕಿ ಬಿಲ್ಲು ಮಾಡಿಸಿಕೊಂಡು ಹೋಗಿರುತ್ತಿದ್ದರು.

"ನೀನು ಎಚ್ಚರವಾಗಿದ್ದು ಮಾರಿದ್ದಕ್ಕಿಂತ ಮಲಗಿ ಮಾರಿದ್ದೇ ಜಾಸ್ತಿ ಕಣಯ್ಯ" ಎಂದು ಯಜಮಾನರು ಹೊಗಳುತ್ತಿದ್ದರು. ಆಮೇಲೆ ಅವರ ಮಗನಿಗೆ ಅಲ್ಲಿ ಮೊಬೈಲ್ ಅಂಗಡಿ ಮಾಡಬೇಕೆನಿಸಿತು. ವರ್ಷದ ಕೊನೆಗೆ ಹಾಸಿಗೆ ವ್ಯಾಪಾರ ಬಂದ್ ಎಂದರು. ಮೊಬೈಲ್ ಅಂಗಡಿಯಲ್ಲಿ ಮಲಗಿ ತೋರಿಸುವಂಥದ್ದು ಏನೂ ಇರುವುದಿಲ್ಲ.

ನನ್ನ ಹೆಂಡತಿ ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೂರುತ್ತಾಳೆ. ಊರಿನ ಸುದ್ದಿಯೆಲ್ಲ ಆ ಕಿಂಡಿಯ ಮೂಲಕವೇ ಹೋಗಬೇಕು. ಒಂದು ಸಂಜೆ ಅವಳು ಚೀಲ ಕೆಳಗಿಡುವ ಮೊದಲೇ ಶುರು ಮಾಡಿದಳು.

"ರೀ, ಜನ ಸಿಗದೆ ಇರೋ ಕೆಲಸಗಳಿಗೆ ಯಾರು ಕಾಲೇಜು ಸೇರ್ತಾರೋ ಅವರ ಫೀಜೆಲ್ಲ ಸರ್ಕಾರನೇ ಕಟ್ಟತ್ತಂತೆ. ಲಿಫ್ಟ್ ರಿಪೇರಿ ಇದೆ, ವೆಲ್ಡಿಂಗ್ ಇದೆ, ನರ್ಸಿಂಗ್ ಇದೆ. ಮತ್ತೆ ನಿದ್ದೆ ಟೆಕ್ನೀಷಿಯನ್ ಅಂತ ಒಂದಿದೆ."

"ಅಂದ್ರೆ?"

"ಉಸಿರು ಕಟ್ಟೋರು, ಗೊರಕೆಯವರು, ಇವರನ್ನೆಲ್ಲ ಮಲಗಿಸಿ, ತಲೆಗೆ ವೈರು ಅಂಟಿಸಿ, ಪಕ್ಕದ ಕೋಣೇಲಿ ಕೂತು ಸ್ಕ್ರೀನು ನೋಡ್ತಾ ಇರೋದು. ನಮ್ಮ ಆಸ್ಪತ್ರೆಯಲ್ಲೇ ಆ ಕುರ್ಚಿ ಖಾಲಿ ಬಿದ್ದಿದೆ. ಕೂರೋರೇ ಇಲ್ಲ."

"ಈ ವಯಸ್ಸಿನಲ್ಲಿ ನಾನು ಕಾಲೇಜಿಗೆ ಹೋಗೋದಾ?"

"ನಿದ್ದೆ ವಿಷಯದಲ್ಲಿ ನಿಮಗಿಂತ ಅನುಭವಸ್ಥರು ಯಾರಿದ್ದಾರೆ ಹೇಳಿ" ಎಂದಳು. ಅದು ಮೆಚ್ಚುಗೆಯೋ ಅಲ್ಲವೋ ಎಂದು ಯೋಚಿಸುತ್ತಿರುವಾಗಲೇ ನನಗೆ ಜೋಂಪು ಹತ್ತಿತು.

ಅನುದಾನ ಸಿಕ್ಕಿತು. ಷರತ್ತು ಒಂದೇ. ಕೋರ್ಸಿನ ನಡುವೆ ಇಲಾಖೆಯ ಅಧಿಕಾರಿಯೊಬ್ಬರು ಬರುತ್ತಾರೆ. ಅವರ ಎದುರು ರೋಗಿಯ ಒಂದು ಪೂರ್ತಿ ನಿದ್ದೆ ಪರೀಕ್ಷೆಯನ್ನು ನಾವು ಒಬ್ಬರೇ ನಡೆಸಿ ತೋರಿಸಬೇಕು. ತೋರಿಸಿದರೆ ಮುಂದಿನ ಫೀಜು, ಆಮೇಲೆ ಕೆಲಸ. ಇಲ್ಲದಿದ್ದರೆ ಆವರೆಗೆ ಸರ್ಕಾರ ಕಟ್ಟಿದ್ದನ್ನೆಲ್ಲ ನಾವೇ ವಾಪಸು ಕೊಡಬೇಕು.

ಮೊದಲ ದಿನ ಹೆಗಲಿಗೆ ಚೀಲ ಹಾಕಿಕೊಂಡು ಹೊರಟಾಗ ಗೇಟಿನಲ್ಲಿ ಕೆಳಮನೆಯ ಟಿಕೆಟ್ ಇನ್‌ಸ್ಪೆಕ್ಟರು ಸಿಕ್ಕರು. ರೈಲ್ವೆಯಿಂದ ನಿವೃತ್ತರಾಗಿದ್ದರೂ ಎದುರಿಗೆ ಬಂದವರನ್ನೆಲ್ಲ ತಪಾಸಣೆ ಮಾಡುವುದು ಬಿಟ್ಟಿರಲಿಲ್ಲ.

"ಎಲ್ಲಿಗೆ ಸವಾರಿ?"

ನರೆತ ತಲೆಯಲ್ಲಿ ಕಾಲೇಜಿಗೆ ಎನ್ನಲು ನಾಲಿಗೆ ಹೊರಳಲಿಲ್ಲ. "ಸರ್ಕಾರದವರು ನನ್ನನ್ನ ಆರಿಸಿದ್ದಾರೆ" ಎಂದೆ.

"ಯಾವ ವಿಷಯದಲ್ಲಿ?"

"ನಿದ್ದೆ ವಿಷಯದಲ್ಲಿ."

"ದುಡ್ಡು?"

"ಅವರೇ ಕೊಡ್ತಾರೆ."

ಇದರಲ್ಲಿ ಒಂದಾದರೂ ಸುಳ್ಳಿದೆಯೇ ಎಂದು ದಾರಿಯುದ್ದಕ್ಕೂ ಹುಡುಕಿದೆ. ಇರಲಿಲ್ಲ. ನಿಜವನ್ನು ಯಾವ ಕ್ರಮದಲ್ಲಿ ಹೇಳಬೇಕು ಎಂಬುದನ್ನು ಕಲಿಸುವ ಕೋರ್ಸೂ ಇರಬೇಕಿತ್ತು. ಅದಕ್ಕೂ ಜನ ಸಿಗುತ್ತಿರಲಿಲ್ಲ.

ಕಾಲೇಜಿನ ಪ್ರಯೋಗಶಾಲೆಯೆಂದರೆ ಎರಡು ಕೋಣೆ, ನಡುವೆ ಗಾಜು. ಒಂದರಲ್ಲಿ ಮಂಚ, ಮಂದ ದೀಪ, ಕಿಟಕಿಗೆ ನೀಲಿ ಪರದೆ. ಮಧ್ಯಾಹ್ನದ ಬಿಸಿಲು ಆ ಪರದೆಯನ್ನು ದಾಟುವಾಗ ನೀರಾಗಿ ಗೋಡೆಯ ಮೇಲೆ ಹರಿಯುತ್ತಿತ್ತು. ಇನ್ನೊಂದರಲ್ಲಿ ಕುರ್ಚಿ, ಮೈಕು, ಸ್ಕ್ರೀನು. ನನ್ನ ಸಹಪಾಠಿಗಳೆಲ್ಲ ಇಪ್ಪತ್ತರ ಆಸುಪಾಸಿನವರು. ನನ್ನನ್ನು ಅಂಕಲ್ ಎನ್ನುತ್ತಿದ್ದರು. ಕಲಿಯಲು ಒಬ್ಬರು ರೋಗಿಯಾಗಿ ಮಲಗಬೇಕು, ಉಳಿದವರು ವೈರು ಅಂಟಿಸಬೇಕು. ಆ ಮಕ್ಕಳಿಗೋ ಹಗಲು ನಿದ್ದೆ ಬಾರದು. ಮಲಗಿಸಿದರೆ ನಗುತ್ತವೆ, ಹೊರಳುತ್ತವೆ, ದಿಂಬಿನ ಕೆಳಗೆ ಫೋನು ಹುಡುಕುತ್ತವೆ. ಹಾಗಾಗಿ ಪ್ರತಿ ಸಲವೂ, "ಅಂಕಲ್, ಪ್ಲೀಸ್."

ಟೇಪು ಹಿಡಿದು ನನ್ನ ತಲೆ ಅಳೆಯುತ್ತಿದ್ದರು. ಕೆಂಪು ಪೆನ್ಸಿಲಿನಿಂದ ಚುಕ್ಕೆ ಇಡುತ್ತಿದ್ದರು. ತಣ್ಣನೆಯ ಅಂಟು ಒಂದೊಂದಾಗಿ ನೆತ್ತಿಗೆ ತಾಗುವುದು ಗೊತ್ತಾಗುತ್ತಿತ್ತು. ಮೊದಲು ಹಣೆ, ಆಮೇಲೆ ಕಿವಿಯ ಹಿಂದೆ... ಮುಂದಿನದು ನನಗೆ ಗೊತ್ತಿಲ್ಲ. ಎದ್ದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ನೋಡುವ ಸರದಿ ಬಂದರೆ ಇನ್ನೂ ಕಷ್ಟ. ಸ್ಕ್ರೀನಿನ ಮೇಲೆ ಗೆರೆಗಳು ಅಲೆಅಲೆಯಾಗಿ ಸಾಗುತ್ತವೆ. ಉಸಿರಿನದೊಂದು ಗೆರೆ, ಕಣ್ಣಿನದೊಂದು ಗೆರೆ. ದಡದಲ್ಲಿ ಕೂತು ಹೊಳೆ ನೋಡಿದ ಹಾಗೆ. ನೋಡುತ್ತ ನೋಡುತ್ತ ನಾನೂ ತೇಲಿ ಹೋಗುತ್ತಿದ್ದೆ.

"ಅಂಕಲ್" ಎಂದರು ಪಾಠ ಹೇಳುವ ಮೇಡಂ, ಭುಜ ಅಲುಗಾಡಿಸಿ. "ಈ ಕೆಲಸದಲ್ಲಿ ಒಬ್ಬರು ಮಲಗಬೇಕು, ಒಬ್ಬರು ಎದ್ದಿರಬೇಕು. ನೀವು ಯಾವಾಗ್ಲೂ ಒಂದೇ ಪಕ್ಷಕ್ಕೆ ಸೇರ್ಕೋತೀರಲ್ಲ?"

ಒಮ್ಮೆ ಅವರು ಮನೆಗೆಲಸ ಕೊಟ್ಟರು. ಮನೆಯಲ್ಲಿ ಯಾರಾದರೂ ಮಲಗಿರುವುದನ್ನು ಗಮನಿಸಿ ಬಂದು ಹೇಳಬೇಕು. ಎಲ್ಲರೂ ಅಜ್ಜನ ಗೊರಕೆ, ತಂಗಿಯ ಕನವರಿಕೆ ಎಂದು ಹೇಳಿದರು. ನನ್ನ ಸರದಿ ಬಂದಾಗ ತಲೆ ಕೆರೆದುಕೊಂಡೆ.

"ಯಾಕೆ, ನಿಮ್ಮ ಮನೆಯವರು ನಿದ್ದೆ ಮಾಡಲ್ವಾ?"

"ಮಾಡ್ತಾಳೆ ಅಂತ ಕಾಣತ್ತೆ ಮೇಡಂ. ನಾನು ನೋಡಿಲ್ಲ. ನಾನು ಮಲಗೋವಾಗ ಎದ್ದಿರ್ತಾಳೆ, ಏಳೋವಾಗಲೂ ಎದ್ದಿರ್ತಾಳೆ."

ತರಗತಿ ನಕ್ಕಿತು. ಮೇಡಂ ಮಾತ್ರ ನಗಲಿಲ್ಲ. ಅಧಿಕಾರಿ ಬರುವ ದಿನ ಹತ್ತಿರವಿದೆ ಎಂದಷ್ಟೇ ಹೇಳಿದರು.

ಈ ನಡುವೆ ನನ್ನ ಭಾವಮೈದ ಒಂದು ಕೆಲಸ ಮಾಡಿದ. ಅವನದು ನೀರಿನ ಕ್ಯಾನು ಹಾಕುವ ವ್ಯಾಪಾರ, ನಮ್ಮ ಕಾಲೇಜೂ ಅವನ ಗಿರಾಕಿ. ಒಂದು ಮಧ್ಯಾಹ್ನ ಕ್ಯಾನು ಹೆಗಲಿಗೇರಿಸಿಕೊಂಡು ಪಡಸಾಲೆಯಲ್ಲಿ ಹೋಗುವಾಗ ತೆರೆದ ಬಾಗಿಲಿನಿಂದ ಒಳಗೆ ನೋಡಿದ. ನೀಲಿ ಬೆಳಕಿನಲ್ಲಿ ಅವನ ಭಾವ, ತಲೆ ತುಂಬ ಬಣ್ಣಬಣ್ಣದ ವೈರು, ಎದೆಗೆ ಪಟ್ಟಿ, ಮುಖದಲ್ಲಿ ಮಂದಹಾಸ. ಸುತ್ತ ನಾಲ್ಕಾರು ಜನ ಭಕ್ತಿಯಿಂದ ನಿಂತಿದ್ದಾರೆ.

ನಾನು ಮನೆ ಸೇರುವಷ್ಟರಲ್ಲಿ ಅತ್ತೆ ಅವನೊಡನೆ ಬಂದು ಕೂತಿದ್ದರು.

"ಅಳಿಯಂದ್ರೇ, ಮಲಗಿದ್ದಕ್ಕೆ ಸರ್ಕಾರ ದುಡ್ಡು ಕೊಡತ್ತಂತೆ. ನಿಮ್ಮ ಕೆಳಮನೆಯವರ ಬಾಯಿಂದ ಕೇಳೋ ಹಾಗಾಯ್ತಲ್ಲ."

"ಹಾಗಲ್ಲ ಅತ್ತೆ, ನಾನು ಕಲೀತಿದೀನಿ."

"ನಿದ್ದೆ ಮಾಡೋದನ್ನ?"

"ನೋಡೋದನ್ನ."

"ಕಣ್ಣು ಮುಚ್ಚಿಕೊಂಡು ಅದೇನು ನೋಡ್ತೀರಿ?" ಎಂದರು ಅತ್ತೆ. "ನನ್ನ ಮಗನೂ ಕಮ್ಮಿಯೇನಲ್ಲ. ಒಂದು ಸಲ ಮಲಗಿದ ಅಂದ್ರೆ ಪಕ್ಕದಲ್ಲಿ ಪಾತ್ರೆ ಬಿದ್ರೂ ಏಳಲ್ಲ. ಅವನಿಗೂ ಒಂದು ಮಾತು ಹೇಳಿ."

"ಭಾವ ಹೇಳಲ್ಲ ಬಿಡಮ್ಮ" ಎಂದ ಭಾವಮೈದ. "ಗುಟ್ಟು ಅದು."

ಸುದ್ದಿ ನಮ್ಮ ಕಟ್ಟಡದ ಎಲ್ಲ ಮನೆಗಳಿಗೂ ಹಬ್ಬಿತು. ನಾನು ಪ್ರತಿ ಬಾಗಿಲಿಗೂ ಹೋಗಿ ಹಾಗಲ್ಲ, ಹೀಗೆ, ಎಂದು ವಿವರಿಸಿದೆ. ನನ್ನ ವಿವರಣೆಯಿಂದ ಜನರಿಗಾದ ಲಾಭ ಒಂದೇ: ಇದುವರೆಗೆ ಅನುಮಾನವಿದ್ದವರಿಗೂ ಖಾತ್ರಿಯಾಯಿತು. ಏನೂ ಇಲ್ಲದಿದ್ದರೆ ಈ ಮನುಷ್ಯ ಮೆಟ್ಟಿಲು ಹತ್ತಿ ಬಂದು ಯಾಕೆ ಇಲ್ಲ ಅನ್ನುತ್ತಾನೆ?

ಆಮೇಲೆ ನಮ್ಮ ಕಟ್ಟಡ ಮೆಲ್ಲನೆ ಬದಲಾಯಿತು. ಮಧ್ಯಾಹ್ನವಾಯಿತೆಂದರೆ ರೇಡಿಯೋಗಳು ಬಾಯಿ ಮುಚ್ಚುತ್ತಿದ್ದವು. ಮಿಕ್ಸಿ ತಿರುಗುತ್ತಿರಲಿಲ್ಲ. ಬಟ್ಟೆ ಒಣಗಿಸಲು ಮಹಡಿಗೆ ಬಂದ ಹೆಂಗಸರು ತುದಿಗಾಲಿನಲ್ಲಿ ನಡೆದು ಹಾಗೆಯೇ ನೆರಳಿಗೆ ಒರಗುತ್ತಿದ್ದರು. ತಂತಿಯ ಮೇಲಿನ ಅಂಗಿಗಳು ಗಾಳಿಗೆ ತೋಳು ಚಾಚಿ ಆಕಳಿಸಿದಂತೆ ಕಾಣುತ್ತಿದ್ದವು. ಪಾರಿವಾಳಗಳು ಕಿಟಕಿಯ ಸಜ್ಜೆಯ ಮೇಲೆ ಕೂತು ಇವರಿಗೇನಾಯಿತು ಎಂದು ಇಣುಕುತ್ತಿದ್ದವು. ಎಲ್ಲರೂ ಅಭ್ಯಾಸದಲ್ಲಿದ್ದರು.

ಟಿಕೆಟ್ ಇನ್‌ಸ್ಪೆಕ್ಟರು ತಾವಾಗಿಯೇ ತೀರ್ಪುಗಾರರಾದರು. ಟಿಕೆಟ್ ಇಲ್ಲದವರು ನಿದ್ದೆಯ ನಟನೆ ಮಾಡುವುದನ್ನು ಜೀವಮಾನವೆಲ್ಲ ನೋಡಿದವರು ಅವರು. ಬಾಗಿಲು ಬಾಗಿಲಿಗೆ ಹೋಗಿ, ಮಲಗಿದವರ ಮೇಲೆ ಬಗ್ಗಿ ಹೇಳುತ್ತಿದ್ದರು: "ಇದು ಕಳ್ಳ ನಿದ್ದೆ. ರೆಪ್ಪೆ ಅದುರ್ತಾ ಇದೆ. ಇದು ಪರವಾಗಿಲ್ಲ, ಪ್ಯಾಸೆಂಜರ್ ಗಾಡಿ ನಿದ್ದೆ. ಇದು ಅಸಲಿ, ಎಕ್ಸ್‌ಪ್ರೆಸ್ಸು. ಯಾವ ಸ್ಟೇಷನ್ನಲ್ಲೂ ನಿಲ್ಲಲ್ಲ."

ನಾನೊಬ್ಬ ಮಾತ್ರ ಮನೆಯಲ್ಲಿ ಮುಖಕ್ಕೆ ತಣ್ಣೀರು ಎರಚಿಕೊಂಡು, ಕಾಫಿ ಕುಡಿದು, ನಿಂತುಕೊಂಡೇ ಪಾಠ ಓದುತ್ತಿದ್ದೆ. ನಿಂತಲ್ಲೇ ನಿದ್ದೆ ಬರುತ್ತಿತ್ತು. ಗೋಡೆಗೆ ಹಣೆ ತಾಗಿದಾಗ ಹೆಂಡತಿ ಬಂದು ಪುಸ್ತಕ ತೆಗೆದಿಡುತ್ತಿದ್ದಳು.

"ಆಗಲ್ಲ ಕಣೇ ನನ್ನ ಕೈಲಿ. ಫೀಜು ವಾಪಸು ಕಟ್ಟು ಅಂತಾರೆ, ಅಂಗಡಿನೂ ಇರಲ್ಲ."

"ಆ ಕುರ್ಚಿ ಖಾಲಿ ಇರೋದನ್ನ ನಾನು ದಿನಾ ನೋಡ್ತೀನಿ" ಎಂದಳು ಅವಳು. "ಇನ್ನೊಬ್ಬರ ಹೆಸರು ನನ್ನ ತಲೇಲಿ ಬರೋದೇ ಇಲ್ಲ. ಮಲಗಿ ಈಗ."

ಅಧಿಕಾರಿ ಬರುವ ದಿನ ಬಂತು. ನನ್ನ ಸರದಿ ಮಧ್ಯಾಹ್ನದ ಊಟದ ನಂತರ. ಇದಕ್ಕಿಂತ ಕೆಟ್ಟ ಹೊತ್ತು ಒಂದು ದಿನದಲ್ಲಿ ಇಲ್ಲ. ಪಡಸಾಲೆಗೆ ಬಂದೆ. ಗೋಡೆಯುದ್ದಕ್ಕೂ ಬೆಂಚುಗಳ ಮೇಲೆ ನಮ್ಮ ಇಡೀ ಕಟ್ಟಡ ಕೂತಿತ್ತು. ಪ್ರತಿಯೊಬ್ಬರ ತೊಡೆಯ ಮೇಲೂ ಒಂದೊಂದು ದಿಂಬು. ಮೊದಲ ಜಾಗದಲ್ಲಿ ಅತ್ತೆ, ಪಕ್ಕದಲ್ಲಿ ಕ್ಯಾನು ಹಾಕಲು ಬಂದು ಎಲ್ಲರಿಗೂ ಅಧಿಕಾರಿ ಬರುವ ಸುದ್ದಿ ಕೊಟ್ಟಿದ್ದ ಭಾವಮೈದ, ತುದಿಯಲ್ಲಿ ಟಿಕೆಟ್ ಇನ್‌ಸ್ಪೆಕ್ಟರು.

"ಹೊರಡಿ ಇಲ್ಲಿಂದ, ಕೈ ಮುಗೀತೀನಿ" ಎಂದೆ.

"ನಿಮ್ಮದು ಆಯ್ತು, ಬೇರೆಯವರಿಗೆ ಬೇಡವಾ?" ಎಂದರು ಅತ್ತೆ.

ಅಷ್ಟರಲ್ಲಿ ಅಧಿಕಾರಿ ಬಂದರು. ಸಣಕಲು ಮನುಷ್ಯ, ಕಣ್ಣಿನ ಕೆಳಗೆ ಕಪ್ಪು ಚೀಲ, ಕೈಯಲ್ಲಿ ಕಂದು ಚೀಲ. ಸಾಲನ್ನು ನೋಡಿ ನಿಂತರು.

"ಇವರೆಲ್ಲ ಯಾರು?"

"ಕಾಯ್ತಾ ಇದ್ದೀವಿ ಸ್ವಾಮಿ" ಎಂದರು ಅತ್ತೆ ದೈನ್ಯದಿಂದ. "ಬೆಳಗ್ಗೆಯಿಂದ."

ಅಧಿಕಾರಿಯ ಮುಖ ಬೆಳಗಿತು. ಮೇಡಂ ಕಡೆ ತಿರುಗಿ, "ಲಿಫ್ಟ್ ಕಾಲೇಜಿಗೆ ಹೋದೆ, ಒಂದು ನರಪಿಳ್ಳೆ ಇಲ್ಲ. ಇಲ್ಲಿ ನೋಡಿ, ರೋಗಿಗಳು ದಿಂಬು ಹಿಡ್ಕೊಂಡು ಕೂತಿದ್ದಾರೆ! ಬೇಡಿಕೆ ಅಂದ್ರೆ ಇದು!" ಎಂದು ಅಲ್ಲೇ ನಿಂತು ಏನೋ ಗೀಚಿಕೊಂಡರು. ನಾನು ತಿದ್ದಲು ಬಾಯಿ ತೆರೆದೆ. ಮೇಡಂ ನನ್ನ ಕಾಲು ತುಳಿದರು.

ರೋಗಿಯಾಗಿ ಮಲಗಲು ಒಬ್ಬ ಸಹಪಾಠಿಯನ್ನು ಒಪ್ಪಿಸಿದ್ದೆವು. ಅಧಿಕಾರಿಯನ್ನು ಕಂಡವನೇ ಅವನು ಬಿಟ್ಟ ಕಣ್ಣು ಮುಚ್ಚಲಿಲ್ಲ. ಹೊರಳಿದ, ಕೆಮ್ಮಿದ, ನೀರು ಕೇಳಿದ. ಕೊನೆಗೆ ಅಧಿಕಾರಿಗೆ ರೇಗಿತು.

"ಮಲಗೋದು ಅಷ್ಟೊಂದು ಕಷ್ಟವೇನ್ರೀ? ಏಳಯ್ಯ, ಜಾಗ ಬಿಡು. ನಾನು ಮಲಗ್ತೀನಿ. ಇವರು ವೈರು ಹಾಕಲಿ, ನೋಡೋಣ. ನನಗೇನೂ ನಿದ್ದೆ ಬರಲ್ಲ, ವರ್ಗ ಆದಾಗಿನಿಂದ ಬಂದಿಲ್ಲ. ಆದರೆ ಕ್ರಮ ಗೊತ್ತಾಗತ್ತೆ."

ಅವರು ಮಂಚದ ಅಂಚಿನಲ್ಲಿ ಕೂತರು. ಹಾಸಿಗೆಯನ್ನು ಮುಷ್ಟಿಯಿಂದ ಒತ್ತಿದರು. ಚಪ್ಪಲಿ ಬಿಡದೆ ಅರ್ಧ ಒರಗಿದರು. ಆ ಭಂಗಿಯನ್ನು ಕಂಡದ್ದೇ ನನ್ನ ಹೆದರಿಕೆ ಎಲ್ಲಿಗೋ ಹೋಯಿತು. ಈ ಗಿರಾಕಿಯನ್ನು ನಾನು ಬಲ್ಲೆ.

"ಹಾಗಲ್ಲ ಸಾರ್" ಎಂದೆ. "ಚಪ್ಪಲಿ ಬಿಡಿ. ಭುಜ ಇಳಿಸಿ. ಬೆನ್ನನ್ನ ಪೂರ್ತಿ ಬಿಟ್ಟುಕೊಡಬೇಕು. ನೀವು ಹಾಸಿಗೇನ ಹೊತ್ತಿಲ್ಲ, ಹಾಸಿಗೆ ನಿಮ್ಮನ್ನ ಹೊತ್ತಿದೆ. ಅದರ ಕೆಲಸ ಅದಕ್ಕೆ ಬಿಡಿ."

ವೈರು ಎಲ್ಲಿ ಅಂಟಿಸಬೇಕೆಂದು ಪುಸ್ತಕದ ಚಿತ್ರ ನೆನಪಾಗಲಿಲ್ಲ. ನನ್ನ ತಲೆಯನ್ನು ಮುಟ್ಟಿ ನೋಡಿಕೊಂಡೆ. ಹಣೆ, ಕಿವಿಯ ಹಿಂದೆ, ಆಮೇಲೆ ಕೂದಲು ಕಿತ್ತುಬರುತ್ತಿದ್ದ ಜಾಗಗಳು. ನನ್ನ ತಲೆಯಲ್ಲಿ ಎಲ್ಲಿ ಉರಿಯುತ್ತಿತ್ತೋ ಅವರ ತಲೆಯಲ್ಲಿ ಅಲ್ಲಿ ಅಂಟಿಸಿದೆ. ಪಕ್ಕದ ಕೋಣೆಗೆ ಹೋಗಿ ಮೈಕಿನಲ್ಲಿ, "ಸಾರ್, ಕಣ್ಣು ಮುಚ್ಚಿ. ತೆರೀರಿ. ಎಡಕ್ಕೆ ನೋಡಿ. ಬಲಕ್ಕೆ. ಇನ್ನು ಮುಚ್ಚಿ" ಎಂದೆ. ಗೆರೆಗಳು ಸರಿಯಾಗಿ ಕುಣಿದವು. ಮೇಡಂ ಮೂಲೆಯ ಕುರ್ಚಿಯಿಂದ ತಲೆಯಾಡಿಸಿದರು.

ಅಧಿಕಾರಿಯ ಕಣ್ಣಿನ ಗೆರೆ ನಿಧಾನವಾಯಿತು. ಉಸಿರಿನ ಗೆರೆ ದುಂಡಗಾಯಿತು. ಆಮೇಲೆ ಮೆದುಳಿನ ಗೆರೆಯಲ್ಲಿ ನೂಲು ಸುತ್ತಿದ ಕದಿರಿನಂಥ ಪುಟ್ಟ ಗಂಟು ಕಾಣಿಸಿತು. ಪುಸ್ತಕದಲ್ಲಿ ಅದನ್ನು ನೋಡಿದ್ದೆ. ನಿದ್ದೆ!

"ಮೇಡಂ, ಸಾಹೇಬರು ಮಲಗಿಬಿಟ್ಟರು!" ಎಂದು ಪಿಸುಗುಟ್ಟಿ ತಿರುಗಿದೆ. ಹಿಂದಿನ ರಾತ್ರಿಯೆಲ್ಲ ಆಸ್ಪತ್ರೆ ಡ್ಯೂಟಿ ಮಾಡಿದ್ದ ಮೇಡಂ ಗೋಡೆಗೆ ತಲೆ ಆನಿಸಿ ಮಲಗಿದ್ದರು. ನನ್ನ ಸಹಪಾಠಿ ನೆಲದ ಮೇಲೆ ಮುದುಡಿದ್ದ. ಈಗ ಬಂದಿತ್ತು ಅವನಿಗೆ ನಿದ್ದೆ. ಬಾಗಿಲಿನಾಚೆ ನೋಡಿದೆ. ಪಡಸಾಲೆಯಲ್ಲಿ ಇಡೀ ಸಾಲು ಒಬ್ಬರ ಮೇಲೊಬ್ಬರು ವಾಲಿ ಒಂದೇ ಉಸಿರಿನಲ್ಲಿ ಏರಿಳಿಯುತ್ತಿತ್ತು. ಎಲ್ಲವೂ ಎಕ್ಸ್‌ಪ್ರೆಸ್ಸು.

ನನ್ನ ರೆಪ್ಪೆಯೂ ಭಾರವಾಯಿತು. ನೀಲಿ ಬೆಳಕು ಗೋಡೆಯಿಂದಿಳಿದು ಪಾದಕ್ಕೆ ಬಂತು. ತೇಲಿಹೋಗಲು ಇನ್ನೇನು ಕಾಲು ಎತ್ತಬೇಕು, ಆಗ ಒಂದು ವಿಚಾರ ಹೊಳೆದು ಬೆವರಿಬಿಟ್ಟೆ. ಎಲ್ಲರೂ ಮಲಗಿದ್ದಾರೆ. ನಾನೂ ಮಲಗಿದರೆ ಇಲ್ಲಿ ಯಾರೂ ಇರುವುದಿಲ್ಲ! ಅಧಿಕಾರಿಯ ಉಸಿರು ನಿಂತರೆ? ಅತ್ತೆ ಬೆಂಚಿನಿಂದ ಉರುಳಿದರೆ? ಇಷ್ಟೊಂದು ನಿದ್ದೆಯನ್ನು ಯಾರ ಮೇಲೆ ಬಿಟ್ಟು ಹೋಗುವುದು?

ಕೂತೆ. ಸ್ಕ್ರೀನು ನೋಡಿದೆ. ಮೇಡಂ ಹೇಳಿಕೊಟ್ಟಂತೆ ಬರೆದೆ. ಗೆರೆಗಳು ನೆಟ್ಟಗೆ ಸಾಗುತ್ತಿರುವಾಗ ಎದ್ದು, ಸ್ಕ್ರೀನಿನಿಂದ ಕಣ್ಣು ತೆಗೆಯದೆ ಹಿಮ್ಮುಖವಾಗಿ ಬಾಗಿಲವರೆಗೆ ಹೋಗಿ, ಟಿಕೆಟ್ ಇನ್‌ಸ್ಪೆಕ್ಟರ ಜಾರಿಬಿದ್ದ ದಿಂಬನ್ನು ಅವರ ಕೆನ್ನೆಯ ಕೆಳಗೆ ಇಟ್ಟೆ. ಅತ್ತೆಯ ಕನ್ನಡಕ ತೆಗೆದು ಮಡಿಸಿದೆ. ಮೇಡಂ ಮುಖಕ್ಕೆ ಬಿಸಿಲು ಬರದಂತೆ ಪರದೆ ಎಳೆದೆ. ಒಳಗೆ ಅಧಿಕಾರಿಯ ಪಾದಗಳು ಒಂದನ್ನೊಂದು ಉಜ್ಜುತ್ತಿದ್ದವು, ಚಳಿ. ಹೊದಿಕೆ ಎಳೆದು ಮುಚ್ಚಿದೆ. ಗೊರಕೆಗಳ ನಡುವೆ ನಾನು ಬರಿಗಾಲಲ್ಲಿ ಓಡಾಡುತ್ತಿದ್ದೆ, ಮುಳುಗಿದ ಊರೊಂದರಲ್ಲಿ ಈಜಿದ ಹಾಗೆ. ಅದು ಎಷ್ಟು ಹೊತ್ತು ಎಂದು ಹೇಳಲಾರೆ. ಬಿಸಿಲು ಹಳದಿಯಾಯಿತು, ಆಮೇಲೆ ಕೇಸರಿ.

ಅಧಿಕಾರಿ ಎದ್ದು ಕೂತರು. ಕಿಟಕಿ ನೋಡಿದರು. ಗಾಬರಿಯಾದರು.

"ನಾನು ಮಲಗಿದ್ನಾ?"

"ಹೌದು ಸಾರ್. ಚೆನ್ನಾಗಿ."

ವೈರು ಬಿಚ್ಚಿಸಿಕೊಳ್ಳುತ್ತ ಅವರು ಮತ್ತೆ ಅಧಿಕಾರಿಯಾದರು. "ಒಂದು ತೊಡಕಿದೆಯಲ್ಲ. ಅಭ್ಯರ್ಥಿ ಉದ್ದಕ್ಕೂ ಎಚ್ಚರವಾಗಿದ್ದಿದ್ದನ್ನ ಕಂಡಿದ್ದೇನೆ ಅಂತ ನಾನು ಬರೀಬೇಕು. ನಾನೇ ಮಲಗಿದ್ರೆ ಹೇಗೆ ಬರೀಲಿ? ಮೇಡಂ, ನೀವು ನೋಡಿದ್ರಾ?"

ಮೇಡಂ ಕಣ್ಣುಜ್ಜಿಕೊಂಡು ನೆಲ ನೋಡಿದರು. ಪಡಸಾಲೆಯವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು.

"ನಮ್ಮ ಅಳಿಯಂದ್ರು ಎದ್ದಿದ್ರು ಸ್ವಾಮಿ, ನಾನೇ ಕಣ್ಣಾರೆ..." ಎನ್ನುತ್ತ ಅತ್ತೆ ಮೂಗು ತಡವಿಕೊಂಡರು. "ನನ್ನ ಕನ್ನಡಕ ಎಲ್ಲಿ?"

"ಮಡಿಸಿ ನಿಮ್ಮ ಚೀಲದಲ್ಲಿ ಇಟ್ಟಿದ್ದೀನಿ ಅತ್ತೆ."

ಟಿಕೆಟ್ ಇನ್‌ಸ್ಪೆಕ್ಟರು ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಮುಂದೆ ಬಂದರು. "ಸಾರ್, ಜೀವಮಾನವೆಲ್ಲ ರೈಲಿನಲ್ಲಿ ಮಲಗಿದವರನ್ನ ತಪಾಸಣೆ ಮಾಡಿದವನು ನಾನು. ಈ ದಿಂಬು ಕೆಳಗೆ ಬಿದ್ದಿದ್ದು ನನಗೆ ಅರೆಗನಸಲ್ಲಿ ಗೊತ್ತು. ಎದ್ದಾಗ ಕೆನ್ನೆ ಕೆಳಗಿದೆ. ಮಲಗಿದ ಮನುಷ್ಯ ಇನ್ನೊಬ್ಬರ ದಿಂಬು ಎತ್ತಿಕೊಡಲ್ಲ. ಈ ಬೋಗಿಯಲ್ಲಿ ಎದ್ದಿದ್ದವರು ಇವರೊಬ್ಬರೇ."

ಅಧಿಕಾರಿ ತಮ್ಮ ಕಾಲಿನ ಮೇಲಿದ್ದ ಹೊದಿಕೆಯನ್ನು ನೋಡಿದರು. ತಗ್ಗಿದ ದನಿಯಲ್ಲಿ ಕೇಳಿದರು: "ನಿದ್ದೇಲಿ ನಾನು ಏನಾದ್ರೂ ಮಾತಾಡಿದ್ನಾ?"

"ಇಲ್ಲ ಸಾರ್. ಒಂದು ಸಲ ನಕ್ಕಿರಿ."

"ನಕ್ಕೆನಾ! ನಾನಾ?"

"ಜೋರಾಗೇನಲ್ಲ. ಸಣ್ಣಗೆ."

"ಅದನ್ನ ಬರೀಬೇಡಿ."

"ಬರೆದಾಯ್ತು ಸಾರ್. ಎಲ್ಲ ಬರೀಬೇಕು ಅಂತ ಮೇಡಂ ಹೇಳಿದ್ದಾರೆ."

ಅವರು ಸಹಿ ಮಾಡಿದರು. ಹೊರಡುವಾಗ ಬಾಗಿಲಲ್ಲಿ ನಿಂತು, ಆ ಹಾಸಿಗೆ ಯಾವ ಅಂಗಡಿಯದು ಎಂದು ಕೇಳಿದರು.

ಹೆಂಡತಿ ತನ್ನ ಕೆಲಸ ಮುಗಿಸಿ ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಕೌಂಟರಿನಲ್ಲಿ ಎಲ್ಲರಿಗೂ ಉತ್ತರ ಹೇಳಿ ಹೇಳಿ ದನಿ ಕುಂದಿದ್ದರೂ, "ನಾನು ಹೇಳಿರಲಿಲ್ವಾ" ಎಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳು ಕೂತಳು, ಈಚೆ ನಾನು. ಎಂದಿನಂತೆ ನನ್ನ ತಲೆಗೆಂದು ಭುಜವನ್ನು ಸ್ವಲ್ಪ ತಗ್ಗಿಸಿಕೊಂಡಳು. ನನಗೆ ನಿದ್ದೆ ಬರಲಿಲ್ಲ.

"ಇವತ್ತು ಕೌಂಟರಿಗೆ ಒಬ್ಬರು ಬಂದು ಏನು ಕೇಳಿದ್ರು ಗೊತ್ತಾ..." ಎಂದಳು. ಮುಂದಿನದು ಬರಲಿಲ್ಲ. ತಿರುಗಿ ನೋಡಿದರೆ ಅವಳ ತಲೆ ನನ್ನ ಭುಜದ ಮೇಲಿತ್ತು.

ಇಷ್ಟು ವರ್ಷಗಳಲ್ಲಿ ನಾನು ನೋಡದಿದ್ದುದು ಇದು. ಹುಬ್ಬಿನ ನಡುವಿನ ಗೆರೆ ಮೊದಲು ಸಡಿಲವಾಯಿತು. ಬಾಯಿ ಚೂರು ತೆರೆಯಿತು. ಬೀದಿದೀಪಗಳು ಒಂದೊಂದಾಗಿ ಕೆನ್ನೆಯ ಮೇಲೆ ಹಾದುಹೋದವು. ಕಿರುಬೆರಳು ಒಮ್ಮೆ ಅಲುಗಿತು. ಕನಸಿನಲ್ಲೂ ಯಾರಿಗೋ ದಾರಿ ತೋರಿಸುತ್ತಿದ್ದಳೇನೋ. ಅಲುಗಾಡದೆ ಕೂತು ಎಲ್ಲವನ್ನೂ ಗಮನಿಸಿದೆ.

ನಮ್ಮ ಸ್ಟಾಪು ಬಂತು, ಹೋಯಿತು.

"ಇಳೀಲಿಲ್ವಲ್ಲ ಸಾರ್, ನಿಮ್ಮ ಟಿಕೆಟ್ ಇಲ್ಲಿಗೇ" ಎಂದು ಕಂಡಕ್ಟರು ಹತ್ತಿರ ಬಂದರು.

ನಾನು ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಮೆಲ್ಲಗೆ ಜೇಬು ತಡಕಿದೆ.

"ಕೊನೇ ಸ್ಟಾಪಿಗೆ ಎರಡು ಕೊಡಿ" ಎಂದು ಪಿಸುಗುಟ್ಟಿದೆ. "ಮೇಡಂ ಕೊಟ್ಟ ಒಂದು ಮನೆಗೆಲಸ ಬಾಕಿ ಇತ್ತು."